ಯೂನಿವರ್ಸಿಟಿ ಚಾಲೆಂಜ್ ನಿಯಮಗಳು: ನಾಲ್ವರು ಕೂತ ಮಾತ್ರಕ್ಕೆ ತಂಡವೇ?

ನಿಧಾನಸ್ಥ

ಈಚೆಗೆ ಬಿಬಿಸಿಯ ಯೂನಿವರ್ಸಿಟಿ ಚಾಲೆಂಜ್ ನೋಡೋ ಚಟ ಹತ್ತಿದೆ, ಬ್ರಿಟನ್ನಿನ ವಿಶ್ವವಿದ್ಯಾಲಯಗಳ ತಂಡಗಳು ಆಡೋ ಟಿವಿ ಕ್ವಿಜ್ ಅದು. ಹತ್ತು ಪ್ರಶ್ನೆಗೆ ಒಂದು ಗೊತ್ತಾದರೆ ನನ್ನ ಪುಣ್ಯ, ಆದರೂ ಬಿಡೋಕೆ ಮನಸ್ಸಿಲ್ಲ. ಅಂಕದ ಲೆಕ್ಕ ಮಾತ್ರ ಪೂರ್ತಿ ತಲೆಗೆ ಹತ್ತುತ್ತಿಲ್ಲ. ತಪ್ಪು ಹೇಳಿದರೆ ಒಮ್ಮೆ ಐದು ಅಂಕ ಕಳೀತಾರೆ, ಇನ್ನೊಮ್ಮೆ ಏನೂ ಮಾಡದೆ ಮುಂದೆ ಹೋಗ್ತಾರೆ. ಚಿತ್ರದ ಪ್ರಶ್ನೆಗೆ ಎರಡೂ ಕಡೆಯವರು ಕೈಚೆಲ್ಲಿದ ಮೇಲೂ ಆ ಚಿತ್ರಗಳ ಬೋನಸ್ ಸ್ವಲ್ಪ ಹೊತ್ತಿಗೆ ಯಾರಿಗೋ ಸಿಗುತ್ತೆ. ಸೋತು ಹೋದ ತಂಡ ಕೆಲವು ವಾರ ಬಿಟ್ಟು ಮತ್ತೆ ಪ್ರತ್ಯಕ್ಷ.

ಇದಕ್ಕಿಂತ ದೊಡ್ಡ ಅನುಮಾನ ಇನ್ನೊಂದಿದೆ. ನಾಲ್ಕು ಜನ ಕೂತಿರ್ತಾರೆ, ಒಬ್ಬರೇ ಪಟಪಟ ಬಜರ್ ಒತ್ತುತ್ತಾ ಹೋಗ್ತಾರೆ. ಕೆಲವು ಸಲ ಮೂಲೆಯಲ್ಲಿರುವವರ ದನಿಯೇ ಕೇಳಲ್ಲ. ಇದನ್ನು ತಂಡದ ಆಟ ಅಂತ ಯಾವ ಲೆಕ್ಕದಲ್ಲಿ ಕರೀತಾರೆ?

ಬಜರ್ ಬಸವ

ಮೊದಲು ಅಂಕದ ವಿಷಯ ಮುಗಿಸಿಬಿಡೋಣ ಸಾರ್. ಎಲ್ಲಾ ಶುರುವಾಗೋದು ಸ್ಟಾರ್ಟರ್ ಪ್ರಶ್ನೆಯಿಂದ. ಅದಕ್ಕೆ 10 ಅಂಕ. ಎಂಟು ಜನರಲ್ಲಿ ಯಾರು ಬೇಕಾದರೂ ಬಜರ್ ಒತ್ತಬಹುದು, ಆದರೆ ಪಕ್ಕದವರನ್ನು ಕೇಳುವ ಹಾಗಿಲ್ಲ, ಒತ್ತಿದವರೇ ಹೇಳಬೇಕು. ಹೆಸರು ಕೂಗಿದ ತಕ್ಷಣ ಹೇಳಬೇಕು, ಯೋಚನೆ ಮಾಡ್ತಾ ಕೂತರೆ ಅವಕಾಶ ಹೋಯ್ತು.

ಸರಿ ಹೇಳಿದ ತಂಡಕ್ಕೆ ಮೂರು ಬೋನಸ್ ಪ್ರಶ್ನೆ, ತಲಾ 5 ಅಂಕ, ಮೂರೂ ಒಂದೇ ವಿಷಯದ ಸುತ್ತ. ಇಲ್ಲಿ ನಾಲ್ವರೂ ಮಾತಾಡಿಕೊಳ್ಳಬಹುದು, ಉತ್ತರ ಕ್ಯಾಪ್ಟನ್ ಬಾಯಿಂದ ಬರಬೇಕು. ಕ್ಯಾಪ್ಟನ್‌ಗೆ ಆ ಉತ್ತರ ಉಚ್ಚರಿಸೋಕೆ ಬರದಿದ್ದರೆ, ಅಥವಾ ಗೊತ್ತಿರುವವರೇ ಹೇಳಲಿ ಅನ್ನಿಸಿದರೆ, "ನಾಮಿನೇಟ್" ಅಂತ ಅವರ ಹೆಸರು ಹೇಳಿ ಬಿಟ್ಟುಕೊಡ್ತಾರೆ. ಬೋನಸ್ ಎದುರಾಳಿಗೆ ದಾಟಲ್ಲ. ತಪ್ಪಾದರೆ ಅಲ್ಲಿಗೇ ಮುಗೀತು.

ಈಗ ಆ ಐದು ಅಂಕ. ಕ್ವಿಜ್ ಮಾಸ್ಟರ್ ಸ್ಟಾರ್ಟರ್ ಓದಿ ಮುಗಿಸೋ ಮೊದಲೇ ಬಜರ್ ಒತ್ತಿ ತಪ್ಪು ಹೇಳಿದರೆ ಮಾತ್ರ ಕಳೀತಾರೆ. ಆಮೇಲೆ ಉಳಿದ ಪ್ರಶ್ನೆಯನ್ನು ಎದುರಿನ ತಂಡಕ್ಕೆ ಪೂರ್ತಿ ಓದಿ ಹೇಳ್ತಾರೆ, ಅವರು ತಪ್ಪಿದರೂ ದಂಡ ಇಲ್ಲ. ಪ್ರಶ್ನೆ ಮುಗಿದ ಮೇಲೆ ಒತ್ತಿ ತಪ್ಪಿದರೆ ಯಾರಿಗೂ ಏನೂ ಕಳೆಯಲ್ಲ. ನೀವು ನೋಡಿದ ವ್ಯತ್ಯಾಸ ಇದೇ.

ಚಿತ್ರದ್ದು ಸುಲಭ. ಒಂದು ಎಪಿಸೋಡಿಗೆ ಸಾಮಾನ್ಯವಾಗಿ ಎರಡು ಚಿತ್ರದ ಸ್ಟಾರ್ಟರ್, ಒಂದು ಸಂಗೀತದ್ದು. ಅವಕ್ಕೆ ಜೋಡಿಸಿದ ಬೋನಸ್ ಚಿತ್ರಗಳನ್ನು ಮೊದಲೇ ಸಿದ್ಧ ಮಾಡಿಟ್ಟಿರ್ತಾರೆ. ಸ್ಟಾರ್ಟರ್ ಯಾರಿಗೂ ಬರಲಿಲ್ಲ ಅಂದರೆ ಬೋನಸ್ ಹಾಗೇ ಕಾಯುತ್ತೆ, ಮುಂದಿನ ಮಾಮೂಲಿ ಸ್ಟಾರ್ಟರ್ ಯಾರು ಹೊಡೀತಾರೋ ಅವರಿಗೆ ಆ ಚಿತ್ರಗಳು.

ಕೋಷ್ಟಕಪ್ರಿಯೆ

ಬಸವ ಅವರು ಹೇಳಿದ "ಮುಗಿಸೋ ಮೊದಲೇ" ಅನ್ನೋದರಲ್ಲೇ ಇಡೀ ಆಟ ಇದೆ. ಸ್ಟಾರ್ಟರ್ ಬರೆಯೋ ಕ್ರಮ ನೋಡಿ: ಮೊದಲು ಕಷ್ಟದ ಸುಳಿವು, ಬರ್ತಾ ಬರ್ತಾ ಸುಲಭ, ಕೊನೆಗೆ ಏನು ಬೇಕು ಅನ್ನೋದು. ಕೆಲವು ಸಲ ನಡುವೆ ಒಂದು ತಿರುವು. ನಾನೇ ಒಂದು ಕಟ್ಟಿ ತೋರಿಸ್ತೀನಿ.

"ಮೇರಿ ಕ್ಯೂರಿ ತಾವು ಕಂಡುಹಿಡಿದ ಒಂದು ಮೂಲಧಾತುವಿಗೆ ತಾಯ್ನಾಡಿನ ಹೆಸರಿಟ್ಟರು..." ಇಲ್ಲೇ ಒಬ್ಬರು ಒತ್ತಿ "ಪೊಲೋನಿಯಂ" ಅಂತಾರೆ. ತಪ್ಪು, ಐದು ಕಳೀತು. ಎದುರಿನವರಿಗೆ ಪ್ರಶ್ನೆ ಮುಂದುವರಿಯುತ್ತೆ: "...ಅವರು ಬದುಕು ಕಳೆದ ಫ್ರಾನ್ಸ್‌ಗೂ ಆ ಗೌರವ ಸಿಕ್ಕಿದೆ. ಆ ನಾಡಿನ ಲ್ಯಾಟಿನ್ ಹೆಸರನ್ನು ಹೊತ್ತ, ಪರಮಾಣು ಸಂಖ್ಯೆ 31 ಇರುವ ಲೋಹ ಯಾವುದು?"

ಉತ್ತರ ಗ್ಯಾಲಿಯಂ. ಮೊದಲನೆಯವರು ಸ್ವಲ್ಪ ತಡೆದು "ಫ್ರಾನ್ಸ್" ಅನ್ನೋ ಪದ ಬಿದ್ದ ಕೂಡಲೇ ಒತ್ತಿದ್ದರೆ "ಫ್ರಾನ್ಸಿಯಂ" ಅಂತಿದ್ದರು, ಅದೂ ತಪ್ಪು, ಅದರ ಸಂಖ್ಯೆ 87. ಒಂದೇ ಪ್ರಶ್ನೆಯಲ್ಲಿ ಎರಡು ಗುಂಡಿ. ಪೂರ್ತಿ ಕೇಳಿದವರಿಗೆ 31 ಅನ್ನೋ ಸಂಖ್ಯೆಯೇ ದಾರಿ ತೋರಿಸುತ್ತೆ. ರಸಾಯನಶಾಸ್ತ್ರ ಚೆನ್ನಾಗಿ ಗೊತ್ತಿರುವವರೇ ಇಂಥದರಲ್ಲಿ ಬೇಗ ಬೀಳೋದು, ಏಕೆಂದರೆ ಅವರ ಕೈ ಮುಂಚೆ ಹೋಗುತ್ತೆ.

ಕಡಲತಡಿ

ಪ್ರಶ್ನೆ ಲಾಯ್ಕ್ ಉಂಟು ಮೇಡಂ. ಆದರೆ ಇದು ಜ್ಞಾನ ಪರೀಕ್ಷೆಯೋ, ಪ್ರಶ್ನೆ ಬರೆದವರ ಮನಸ್ಸು ಓದುವ ಪರೀಕ್ಷೆಯೋ? ಪೊಲೋನಿಯಂ ಗೊತ್ತಿದ್ದ ಮನುಷ್ಯನಿಗೆ ಮೈನಸ್ ಐದು, ಏನೂ ಗೊತ್ತಿಲ್ಲದೆ ಕೂತಿದ್ದವನಿಗೆ ಸೊನ್ನೆ. ನ್ಯಾಯ ಎಲ್ಲಿ ಮಾರಾಯ್ರೆ?

ಲೆಕ್ಕದ ಮೇಷ್ಟ್ರು

ನ್ಯಾಯ ಪಕ್ಕಕ್ಕಿಡಿ, ಲೆಕ್ಕ ಹಾಕಿ ನೋಡೋಣ. ಸ್ಟಾರ್ಟರ್‌ಗೆ 10. ಬೋನಸ್ 15ರಲ್ಲಿ ಅರ್ಧ ಬರುತ್ತೆ ಅಂತ ಹಿಡಿಯಿರಿ, 7.5. ಅಲ್ಲಿಗೆ ಒಂದು ಸ್ಟಾರ್ಟರ್ ಬೆಲೆ 17.5. ಎರಡೂ ತಂಡ ಸಮಬಲ, ಪ್ರಶ್ನೆ ಮುಗಿಯೋವರೆಗೆ ಕಾದರೆ ಯಾರಿಗೆ ಬೇಕಾದರೂ ಸಿಗಬಹುದು, ಹಾಗಾಗಿ ಕಾಯುವುದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ.

ನಡುವೆ ಒತ್ತಿ ಸರಿ ಹೇಳಿದರೆ 17.5 ಮುಂದೆ ಹೋದಿರಿ. ತಪ್ಪಿದರೆ ನಿಮ್ಮ 5 ಹೋಯ್ತು, ಅದರ ಮೇಲೆ ಎದುರಾಳಿ ನಿರಾಳವಾಗಿ ಪೂರ್ತಿ ಕೇಳಿ 17.5 ತಗೊಂಡರು. ಒಟ್ಟು 22.5 ಹಿಂದೆ ಬಿದ್ದಿರಿ. ಹಾಗಾದರೆ ನೂರಕ್ಕೆ ಸುಮಾರು 56 ಸಲ ಸರಿಯಾಗ್ತೀನಿ ಅನ್ನೋ ನಂಬಿಕೆ ಇದ್ದರೆ ಮಾತ್ರ ಒತ್ತುವುದು ಲಾಭ. ಎದುರಾಳಿಗೆ ಪೂರ್ತಿ ಕೇಳಿದರೂ ಎರಡಕ್ಕೊಂದು ಸಲವಷ್ಟೇ ಗೊತ್ತಿರುತ್ತೆ ಅಂದರೆ ಆ ಗಡಿ 44ಕ್ಕೆ ಇಳಿಯುತ್ತೆ.

ಅಂದರೆ ದಂಡ ಬರೀ ಐದು ಅಂಕ ಅಲ್ಲ. ಎದುರಾಳಿಗೆ ಪೈಪೋಟಿಯೇ ಇಲ್ಲದ ಒಂದು ಸ್ಟಾರ್ಟರ್ ದಾನ ಮಾಡ್ತೀರಿ, ಅದು ದೊಡ್ಡದು. ಅವರು ಬೋನಸ್ ಮೂರೂ ಹೊಡೆದರೆ ನಿಮ್ಮ ಒಂದು ಆತುರಕ್ಕೆ 30 ಅಂಕದ ಅಂತರ.

ಉತ್ತರದ ಕಡೆಯವ

ಲೆಕ್ಕ ಛಲೋ ಐತ್ರಿ ಮೇಷ್ಟ್ರ. ಆದ್ರ ಅಲ್ಲಿ ಕುಂತವ್ರು ಐವತ್ತಾರು ಪರ್ಸೆಂಟ್ ಅಂತ ಎಣಿಸ್ಕೋತ ಕುಂದ್ರೂದಿಲ್ಲ. ಇಪ್ಪತ್ತು ಅಂಕ ಹಿಂದ ಅದೀವಿ, ಆಟ ಮುಗಿಸೂ ಗಾಂಗ್ ಹೊಡಿಯೂ ಹೊತ್ತು ಬಂತು ಅಂದ್ರ ಮೂವತ್ತು ಪರ್ಸೆಂಟ್ ಇದ್ರೂ ಒತ್ತಬೇಕು. ಮುಂದ ಇದ್ದವ್ರು ಕೈ ಕಟ್ಕೊಂಡು ಕುಂದ್ರಬೇಕು. ಕಡೀ ಐದು ನಿಮಿಷ ನೋಡ್ರಿ, ಒಂದು ಕಡೆಯವ್ರು ಹುಚ್ಚರಂಗ ಒತ್ತತಾರ, ಇನ್ನೊಂದು ಕಡೆಯವ್ರು ಬೋನಸ್ಸಿಗೆ ಪಿಸುಪಿಸು ಪಿಸುಪಿಸು ಅಂತ ಎಳೀತಾರ. ಕ್ವಿಜ್ ಮಾಸ್ಟರ್ "ಲಗೂ ಹೇಳ್ರಿ" ಅಂತ ಬೈಯೂದು ಅದಕ್ಕ.

ಹಳೇ ಆಂಟೆನಾ

ನಡುವೆ ಸ್ವಲ್ಪ ಇತಿಹಾಸ ಸೇರಿಸ್ತೀನಿ, ಇದು ನಿಯಮಕ್ಕೂ ಸಂಬಂಧಪಟ್ಟದ್ದೇ.

ಆಟದ ಮೂಲ ಅಮೆರಿಕದ "ಕಾಲೇಜ್ ಬೌಲ್", 1953ರಲ್ಲಿ ರೇಡಿಯೊದಲ್ಲಿ ಬಂದದ್ದು. ಅದನ್ನು ಗ್ರಾನಡಾ ಟೆಲಿವಿಷನ್ 1962ರಲ್ಲಿ ಬ್ರಿಟನ್ನಿಗೆ ತಂತು. ಆಗ ಬರ್ತಿದ್ದದ್ದು ಐಟಿವಿಯಲ್ಲಿ, ನಡೆಸ್ತಿದ್ದವರು ಬ್ಯಾಂಬರ್ ಗ್ಯಾಸ್ಕೊಯಿನ್. 1987ಕ್ಕೆ ನಿಂತು, 1994ರಲ್ಲಿ ಬಿಬಿಸಿಯಲ್ಲಿ ಜೆರೆಮಿ ಪ್ಯಾಕ್ಸ್‌ಮನ್ ಜೊತೆ ಮತ್ತೆ ಶುರುವಾಯ್ತು. 2023ರಿಂದ ಅಮೋಲ್ ರಾಜನ್, ಕೋಲ್ಕತ್ತದಲ್ಲಿ ಹುಟ್ಟಿದವರು. ಮೂವರೂ ಪ್ರಶ್ನೆ ಕೇಳೋ ರೀತಿ ಬೇರೆ ಬೇರೆ.

ಹಳೇ ಎಪಿಸೋಡುಗಳಲ್ಲಿ ಒಂದು ತಂಡ ಇನ್ನೊಂದು ತಂಡದ ತಲೆಯ ಮೇಲೆ, ಮಹಡಿಯಲ್ಲಿ ಕೂತ ಹಾಗೆ ಕಾಣುತ್ತೆ. ಅದು ಪರದೆಯನ್ನು ಅಡ್ಡಕ್ಕೆ ಸೀಳಿ ತೋರಿಸ್ತಿದ್ದ ಕೈಚಳಕ. ಸ್ಟುಡಿಯೊದಲ್ಲಿ ಅವರು ಕೂರ್ತಿದ್ದದ್ದು ಅಕ್ಕಪಕ್ಕದಲ್ಲೇ.

ನಿಯಮದ ಬಗ್ಗೆ ದೊಡ್ಡ ಜಗಳ ಅಂದರೆ 1975ರದ್ದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಒಂದೊಂದು ಕಾಲೇಜೂ ಪ್ರತ್ಯೇಕ ತಂಡ ಕಳಿಸಬಹುದು, ಮ್ಯಾಂಚೆಸ್ಟರ್‌ನಂಥ ವಿಶ್ವವಿದ್ಯಾಲಯ ಎಷ್ಟೇ ದೊಡ್ಡದಿದ್ದರೂ ಒಂದೇ ತಂಡ. ಇದನ್ನು ವಿರೋಧಿಸಿ ಮ್ಯಾಂಚೆಸ್ಟರ್ ತಂಡದವರು ಪ್ರಶ್ನೆ ಏನೇ ಇರಲಿ "ಮಾರ್ಕ್ಸ್", "ಲೆನಿನ್", "ಟ್ರಾಟ್‌ಸ್ಕಿ", "ಚೆ ಗೆವಾರಾ" ಅಂತ ಉತ್ತರ ಕೊಡ್ತಾ ಕೂತರು. ನಿಯಮ ಇವತ್ತಿಗೂ ಬದಲಾಗಿಲ್ಲ.

ಕಡಲತಡಿ

ಒಂದೇ ಊರಿನಿಂದ ಅಷ್ಟೊಂದು ತಂಡ ಬಂದರೆ ಗೆಲ್ಲದೆ ಏನು ಮಾಡ್ತಾರೆ? ಮ್ಯಾಂಚೆಸ್ಟರಿನವರು ಸರಿಯಾಗೇ ಮಾಡಿದ್ದಾರೆ.

ಬಜರ್ ಬಸವ

ಬಂದ ಮಾತ್ರಕ್ಕೆ ಗೆದ್ದುಬಿಡಲ್ಲ ಅಣ್ಣ. ಅದೇ ಮ್ಯಾಂಚೆಸ್ಟರ್ 2006, 2009, 2012, 2013ರಲ್ಲಿ ಗೆದ್ದಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜು 2024ರಲ್ಲಿ ಐದನೇ ಸಲ ಗೆದ್ದಿತು, ಅಷ್ಟು ಸಲ ಬೇರೆ ಯಾರೂ ಗೆದ್ದಿರಲಿಲ್ಲ. ಪ್ರವೇಶದ ನಿಯಮದಲ್ಲಿ ಪಕ್ಷಪಾತ ಇದೆ, ಒಪ್ಪಿದೆ. ಬಜರ್ ಮುಂದೆ ಕೂತ ಮೇಲೆ ಅದು ನಡೆಯಲ್ಲ.

ನಿಧಾನಸ್ಥ

ಸೋತ ತಂಡ ಮತ್ತೆ ಬರೋ ವಿಷಯ ಯಾರೂ ಹೇಳಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಂತೂ ಒಂದೇ ತಂಡ ಮೂರು ಸಲ ಆಡಿದ್ದು ನೋಡಿದೆ.

ಲೆಕ್ಕದ ಮೇಷ್ಟ್ರು

ಮೊದಲ ಸುತ್ತಿಗೆ 28 ತಂಡ, 14 ಪಂದ್ಯ. ಗೆದ್ದ 14 ತಂಡ ನೇರ ಎರಡನೇ ಸುತ್ತಿಗೆ. ಸೋತವರಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ನಾಲ್ಕು ತಂಡಗಳಿಗೆ ಇನ್ನೊಂದು ಅವಕಾಶ, ಅವರ ನಡುವೆ 2 ಪಂದ್ಯ. ಅಲ್ಲಿಗೆ 16 ತಂಡ. ಎರಡನೇ ಸುತ್ತಿನಲ್ಲಿ 8 ಪಂದ್ಯ, ಇಲ್ಲಿ ಸೋತರೆ ಮನೆಗೆ.

ಉಳಿದ ಎಂಟು ತಂಡಗಳ ಕ್ವಾರ್ಟರ್ ಫೈನಲ್ ವಿಚಿತ್ರ. ಎರಡು ಗೆದ್ದರೆ ಸೆಮಿಫೈನಲ್, ಎರಡು ಸೋತರೆ ಹೊರಗೆ. ಮೊದಲು 4 ಪಂದ್ಯ. ಗೆದ್ದವರು ಗೆದ್ದವರ ಜೊತೆ 2, ಸೋತವರು ಸೋತವರ ಜೊತೆ 2. ಒಂದು ಗೆದ್ದು ಒಂದು ಸೋತು ನಡುವೆ ಸಿಕ್ಕಿಕೊಂಡ ನಾಲ್ಕು ತಂಡಗಳಿಗೆ ಇನ್ನೂ 2. ಒಟ್ಟು 10. ಸೆಮಿಫೈನಲ್ 2, ಫೈನಲ್ 1. ಎಲ್ಲಾ ಕೂಡಿದರೆ 37 ಪಂದ್ಯ. ನೀವು ಮೂರು ಸಲ ನೋಡಿದ್ದು ಆ ನಡುವೆ ಸಿಕ್ಕಿಕೊಂಡವರನ್ನು.

ಕೋಷ್ಟಕಪ್ರಿಯೆ

ಕ್ವಾರ್ಟರ್ ಫೈನಲ್ ಏರ್ಪಾಡು ನನಗೆ ಇಷ್ಟ. ಒಂದು ಕೆಟ್ಟ ದಿನಕ್ಕೆ ಒಳ್ಳೇ ತಂಡ ಹೊರಗೆ ಹೋಗಲ್ಲ.

ಆದರೆ "ಹೆಚ್ಚು ಅಂಕ ಗಳಿಸಿ ಸೋತವರು" ಅನ್ನೋದು ನನಗೆ ಯಾವತ್ತೂ ಸರಿ ಕಂಡಿಲ್ಲ. ಸೋತ ತಂಡ ಎಷ್ಟು ಗಳಿಸುತ್ತೆ ಅನ್ನೋದು ಎದುರು ಯಾರು ಕೂತಿದ್ದರು ಅನ್ನೋದರ ಮೇಲೆ ನಿಂತಿದೆ. ಎದುರಿನವರು ಬಿರುಸಾಗಿದ್ದು ಸ್ಟಾರ್ಟರ್ ಎಲ್ಲಾ ಬಾಚಿಕೊಂಡರೆ ನಿಮಗೆ ಬೋನಸ್ಸೇ ಸಿಗಲ್ಲ, 90ಕ್ಕೆ ನಿಲ್ತೀರಿ. ಎದುರಿನವರು ಮಂದವಾಗಿದ್ದರೆ ಅದೇ ತಂಡ 160 ಹೊಡೆದು ಸೋಲುತ್ತೆ, ಮತ್ತೆ ಬರುತ್ತೆ. ಅರ್ಧ ಗಂಟೆಯಲ್ಲಿ ಎಷ್ಟು ಪ್ರಶ್ನೆ ಮುಗಿಯುತ್ತೆ ಅನ್ನೋದೂ ಪಂದ್ಯದಿಂದ ಪಂದ್ಯಕ್ಕೆ ಬೇರೆ.

ಒಂದು ಲಾಭ ಉಂಟು, ಒಪ್ತೀನಿ. ನೂರು ಅಂಕ ಹಿಂದಿರುವ ತಂಡವೂ ಕೊನೆವರೆಗೆ ಆಡುತ್ತೆ.

ಉತ್ತರದ ಕಡೆಯವ

ಅಂಕದ ಮಾತು ಬಂತು ಅಂತ ಹೇಳ್ತೀನಿ, 1987ರಾಗ ಆಕ್ಸ್‌ಫರ್ಡಿನ ಯೂನಿವರ್ಸಿಟಿ ಕಾಲೇಜು ಒಂದ ಪಂದ್ಯದಾಗ 520 ಹೊಡದಿತ್ತು. ಎದುರಿಗೆ ಕುಂತವ್ರಿಗೆ ಕೇಳಾಕ ಒಂದು ಪ್ರಶ್ನೆ ಉಳೀತೋ ಇಲ್ಲೋ!

ಮೂಲೆ ಕುರ್ಚಿ

ಬಹಳ ದಿನದಿಂದ ಬರೀ ಓದ್ತಿದ್ದೆ, ಮೊದಲ ಪೋಸ್ಟಿನ ದೊಡ್ಡ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದ್ದೀನಿ. ಇದು ತಂಡದ ಆಟ ಹೌದೋ ಅಲ್ಲವೋ?

ನನ್ನ ಮಟ್ಟಿಗೆ ಅಲ್ಲ, ಪೂರ್ತಿಯಾಗಂತೂ ಅಲ್ಲ. 2009ರ ತಂಡ ನೋಡಿ, ಆಕ್ಸ್‌ಫರ್ಡಿನ ಕಾರ್ಪಸ್ ಕ್ರಿಸ್ಟಿ ಕಾಲೇಜಿನದು. ಕ್ಯಾಪ್ಟನ್ ಗೇಲ್ ಟ್ರಿಂಬಲ್ ಒಬ್ಬರೇ ತಂಡದ ಅಂಕಗಳಲ್ಲಿ ಸುಮಾರು ಮೂರನೇ ಎರಡು ಪಾಲು ತಂದುಕೊಟ್ಟಿದ್ದರು. ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಮೇಲೆ 275-190ರಲ್ಲಿ ಗೆದ್ದದ್ದೂ ಆಯ್ತು. ಆಮೇಲೆ ತಂಡದ ಒಬ್ಬ ಸದಸ್ಯ ಸರಣಿ ಮುಗಿಯೋ ಹೊತ್ತಿಗೆ ವಿದ್ಯಾರ್ಥಿಯಾಗಿ ಉಳಿದಿರಲಿಲ್ಲ ಅಂತ ಬಯಲಾಗಿ, ಇಡೀ ತಂಡ ಅನರ್ಹವಾಗಿ, ಟ್ರೋಫಿ ಮ್ಯಾಂಚೆಸ್ಟರ್‌ಗೆ ಹೋಯ್ತು. ಸರಣಿಯ ಚಿತ್ರೀಕರಣ ಎರಡು ಶೈಕ್ಷಣಿಕ ವರ್ಷಕ್ಕೆ ಚಾಚಿಕೊಳ್ಳೋದರಿಂದ ಬಂದ ತಾಪತ್ರಯ ಅದು. ವಿಚಿತ್ರ ನೋಡಿ, ಗೆಲುವು ಬಹುಪಾಲು ಒಬ್ಬರದು, ಶಿಕ್ಷೆ ಮಾತ್ರ ನಾಲ್ವರಿಗೂ.

ಸಮಸ್ಯೆ ಇರೋದು ಸ್ಟಾರ್ಟರ್‌ನಲ್ಲಿ. ಅದೊಂದು ಬಾಗಿಲು. ನಾಲ್ವರೂ ಸೇರಿ ಯೋಚಿಸಿದರೆ ಎದುರಿನವರಿಗಿಂತ ಎರಡು ಪಟ್ಟು ಗೊತ್ತಿರಬಹುದು. ಆದರೆ ಬಾಗಿಲು ತೆಗೆಯೋಕೆ ಒಬ್ಬರ ಬೆರಳು ಬೇಕು, ಆ ಬೆರಳು ಚುರುಕಿಲ್ಲದಿದ್ದರೆ ನಿಮ್ಮ ಒಗ್ಗಟ್ಟಿನ ಜ್ಞಾನ ತಗೊಂಡು ಏನು ಮಾಡ್ತೀರಿ?

ಬಜರ್ ಬಸವ

ಪೂರ್ತಿ ಒಪ್ಪಲ್ಲ. ಒಂದು ಸ್ಟಾರ್ಟರ್ ಮತ್ತು ಮೂರು ಬೋನಸ್ ಸೇರಿದರೆ 25. ಅದರಲ್ಲಿ 15 ಬೋನಸ್‌ದು, ಅಂದರೆ ಬಾಗಿಲಿಗಿಂತ ಒಳಮನೆ ದೊಡ್ಡದು. ಎರಡು ತಂಡ ಸಮನಾಗಿ ಎಂಟೆಂಟು ಸ್ಟಾರ್ಟರ್ ಹೊಡೆದರೆ ತೀರ್ಮಾನ ಮಾಡೋದು ಬೋನಸ್ಸೇ.

ಮುಂದಿನ ಸಲ ನೋಡುವಾಗ ಬೋನಸ್ ಹೊತ್ತಿನಲ್ಲಿ ಕ್ಯಾಪ್ಟನ್ ಮುಖ ನೋಡಿ, ಪ್ರಶ್ನೆ ಬಿಡಿ. ಎಡಗಡೆಯವರು ಒಂದು ಹೆಸರು ಪಿಸುಗುಟ್ಟುತ್ತಾರೆ, ಬಲಗಡೆಯಿಂದ ಇನ್ನೊಂದು, ತುದಿಯಲ್ಲಿ ಕೂತವರು ಮೇಜಿನ ಮೇಲೆ ಬಾಗಿ ತಲೆ ಅಡ್ಡಡ್ಡ ಆಡಿಸ್ತಾರೆ. ಮೂರು ನಾಲ್ಕು ಸೆಕೆಂಡು. ಯಾರ ದನಿಯಲ್ಲಿ ಖಚಿತತೆ ಇದೆ, ಯಾರು ಊಹೆ ಹೊಡೀತಿದ್ದಾರೆ, ಈ ವಿಷಯದಲ್ಲಿ ಯಾರನ್ನು ನಂಬಬೇಕು, ಎಲ್ಲಾ ಅಷ್ಟರಲ್ಲೇ ತೂಗಿ ಒಂದನ್ನು ಹೇಳಬೇಕು. ಸರಿಯಾದ ಉತ್ತರ ತುದಿಯವರ ಬಾಯಲ್ಲಿ ಬಂದು, ಕ್ಯಾಪ್ಟನ್ ಬೇರೆಯದನ್ನು ಹೇಳಿದಾಗ ಅವರು ಕುರ್ಚಿಗೆ ಒರಗಿಕೊಳ್ಳೋ ರೀತಿ ಇದೆಯಲ್ಲ, ನೋಡೋಕಾಗಲ್ಲ! ತಂಡ ಅಂದರೆ ಇದೇ ತಾನೇ? ನಿಧಾನಸ್ಥರು ಹೇಳಿದ ದನಿ ಕೇಳದ ಮೂಲೆಯವರು ಕೆಲಸ ಮಾಡೋದು ಇಲ್ಲಿ. ಪಿಸುಮಾತು ನಮಗೆ ಎಷ್ಟೋ ಸಲ ಸರಿಯಾಗಿ ಕೇಳಲ್ಲ ಅಷ್ಟೆ.

ಹಳೇ ಆಂಟೆನಾ

ಹೋಲಿಸಿ ನೋಡಿದರೆ ಗೊತ್ತಾಗುತ್ತೆ. ನಮ್ಮ ಚಂದನದ "ಥಟ್ ಅಂತ ಹೇಳಿ"ಯಲ್ಲಿ ನಾ. ಸೋಮೇಶ್ವರ ಅವರ ಮುಂದೆ ಕೂತವರು ತಮ್ಮ ತಮ್ಮ ಪಾಡಿಗೆ ಆಡ್ತಾರೆ, ಬಹುಮಾನ ಪುಸ್ತಕ. ಅಲ್ಲಿ ತಂಡದ ಮಾತೇ ಇಲ್ಲ, ಗೊಂದಲವೂ ಇಲ್ಲ. ಯೂನಿವರ್ಸಿಟಿ ಚಾಲೆಂಜ್ ಅರ್ಧ ಒಂಟಿ ಆಟ, ಅರ್ಧ ತಂಡದ ಆಟ. ಬೇಕೆಂದೇ ಹಾಗೆ ಕಟ್ಟಿದ್ದಾರೆ. ಇದರ ಭಾರತದ ಆವೃತ್ತಿಯನ್ನು ಬಿಬಿಸಿ ವರ್ಲ್ಡ್‌ನಲ್ಲಿ ಸಿದ್ಧಾರ್ಥ ಬಸು ನಡೆಸಿಕೊಟ್ಟಿದ್ದರು, ನೆನಪಿರುವವರು ಇರಬಹುದು.

ಮೂಲೆ ಕುರ್ಚಿ

ನಿಜವಾದ ತಂಡದ ಆಟ ಬೇಕಾದರೆ ಬಿಬಿಸಿಯದ್ದೇ "ಓನ್ಲಿ ಕನೆಕ್ಟ್" ನೋಡಿ. 2008ರಿಂದ ವಿಕ್ಟೋರಿಯಾ ಕೋರೆನ್ ಮಿಚೆಲ್ ನಡೆಸ್ತಾರೆ. ತಂಡಕ್ಕೆ ಮೂವರು. ನಾಲ್ಕು ಸುಳಿವು ಒಂದೊಂದಾಗಿ ಬರುತ್ತೆ, ಅವುಗಳ ನಡುವಿನ ನಂಟು ಹೇಳಬೇಕು. ಮೊದಲ ಸುಳಿವಿಗೇ ಹೇಳಿದರೆ 5, ಎರಡಕ್ಕೆ 3, ಮೂರಕ್ಕೆ 2, ನಾಲ್ಕೂ ನೋಡಿದರೆ 1. ಮೂವರೂ ಗಟ್ಟಿಯಾಗಿ ಮಾತಾಡಿಕೊಳ್ತಾರೆ, ತಲೆಯೊಳಗೆ ಏನು ನಡೀತಿದೆ ಅಂತ ನಮಗೂ ಕೇಳುತ್ತೆ. ಗೋಡೆಯ ಸುತ್ತಿನಲ್ಲಿ 16 ಪದ, ಎರಡೂವರೆ ನಿಮಿಷದಲ್ಲಿ ನಾಲ್ಕು ಗುಂಪು ಮಾಡಬೇಕು. ಒಬ್ಬರು ಒಂದು ಗುಂಪು ಕಾಣ್ತಾರೆ, ಇನ್ನೊಬ್ಬರು ಅದರೊಳಗಿನ ಮೋಸ ಹಿಡೀತಾರೆ. ಅಲ್ಲಿ ಒಬ್ಬರೇ ಎಳೆಯೋಕೆ ಸಾಧ್ಯವಿಲ್ಲ.

ಕೋಷ್ಟಕಪ್ರಿಯೆ

ಅಲ್ಲೂ ಕೊನೆಯ ಸುತ್ತು, ಸ್ವರ ಕಿತ್ತುಹಾಕಿದ ಪದಗಳದ್ದು, ಬಜರ್ ಮೇಲೇ ನಿಂತಿದೆ. ತಪ್ಪಾದರೆ ಒಂದು ಅಂಕ ಕಳೀತಾರೆ. ಬೆರಳ ಚುರುಕು ಬೇಡ ಅಂತ ಅವರೂ ಹೇಳಲಿಲ್ಲ ನೋಡಿ.

ಉತ್ತರದ ಕಡೆಯವ

ನಮ್ಮ ಕಡೆ ಕ್ವಿಜ್‌ನಾಗ ಇದಕ್ಕ ಬೇರೆ ದಾರಿ ಮಾಡ್ಯಾರ. 1983ರಾಗ ಬೆಂಗಳೂರಾಗ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಶುರು ಆತಲ್ಲ, ಅಂಥಾ ಓಪನ್ ಕ್ವಿಜ್‌ಗೆ ಹೋದವ್ರಿಗೆ ಗೊತ್ತು. ಪೌನ್ಸ್ ಮತ್ತ ಬೌನ್ಸ್. ಪ್ರಶ್ನೆ ಒಂದು ತಂಡಕ್ಕ ಬರ್ತದ, ಗೊತ್ತಿಲ್ಲ ಅಂದ್ರ ಮುಂದಿನವ್ರಿಗೆ ದಾಟ್ತದ. ಸರದಿ ಬರೂತನಕ ಕಾಯಾಕ ಆಗಂಗಿಲ್ಲ ಅನ್ನೂ ತಂಡ ಚೀಟಿ ಬರದು ಪೌನ್ಸ್ ಮಾಡಬೇಕು, ತಪ್ಪಾದ್ರ ಅಂಕ ಕಳೀತಾರ. ಚೀಟಿ ಬರಿಯೂ ಮೊದಲ ತಂಡದವ್ರು ಕೂಡಿ ಮಾತಾಡ್ತಾರ. ಧೈರ್ಯನೂ ಬೇಕು, ದಂಡನೂ ಐತಿ, ಬೆರಳಿನ ಓಟ ಇಲ್ಲ.

ಬಜರ್ ಬಸವ

ಟಿವಿಯಲ್ಲಿ ಅದು ನಡೆಯಲ್ಲ ಗುರು. ಎಂಟು ತಂಡ ಚೀಟಿ ಬರೆಯೋದನ್ನು ಯಾರು ಕೂತು ನೋಡ್ತಾರೆ? ಬಜರ್ ಸದ್ದು, ಹಿಂದಿನಿಂದ ರೋಜರ್ ಟಿಲ್ಲಿಂಗ್ ಕಾಲೇಜಿನ ಹೆಸರು, ಆಟಗಾರನ ಹೆಸರು ಕೂಗೋ ದನಿ, ಆ ಅರ್ಧ ಸೆಕೆಂಡು, ಆಮೇಲೆ ಉತ್ತರ. ಆ ಅರ್ಧ ಸೆಕೆಂಡಿನಲ್ಲಿ ಅವನ ಮುಖದಲ್ಲೇ ಗೊತ್ತಾಗಿಬಿಡುತ್ತೆ, ಗೊತ್ತಿದ್ದು ಒತ್ತಿದನೋ, ಒತ್ತಿದ ಮೇಲೆ ಹುಡುಕ್ತಿದ್ದಾನೋ ಅಂತ.

ಕಡಲತಡಿ

ಅದು ಹೌದು. ಅದಕ್ಕೇ ನೋಡುವುದು ನಾನೂ. ಆದರೆ ಮೈನಸ್ ಐದರ ಮೇಲಿನ ನನ್ನ ತಕರಾರು ಹಾಗೇ ಉಂಟು.

ನಿಧಾನಸ್ಥ

ಎಲ್ಲರಿಗೂ ಧನ್ಯವಾದ. ಲೆಕ್ಕ ಈಗ ಸ್ಪಷ್ಟ. ಕೊನೆಯದೊಂದು: ಗಾಂಗ್ ಹೊಡೆದಾಗ ಎರಡೂ ತಂಡ ಸಮ ಇದ್ದರೆ?

ಲೆಕ್ಕದ ಮೇಷ್ಟ್ರು

ಒಂದೇ ಒಂದು ಸ್ಟಾರ್ಟರ್, ಬೋನಸ್ ಇಲ್ಲ. ಮೊದಲು ಸರಿ ಹೇಳಿದವರು ಗೆದ್ದರು. ಆದರೆ ಅಲ್ಲೂ ಮೈನಸ್ ಐದು ಜಾರಿಯಲ್ಲಿರುತ್ತೆ. ಪ್ರಶ್ನೆ ಮುಗಿಯೋ ಮೊದಲೇ ಒತ್ತಿ ತಪ್ಪು ಹೇಳಿದಿರಿ ಅಂದರೆ ನಿಮ್ಮ ಅಂಕ ಎದುರಿನವರಿಗಿಂತ ಐದು ಕಡಿಮೆ ಆಯ್ತು, ಪಂದ್ಯ ಅಲ್ಲಿಗೇ ಮುಗೀತು. ಎದುರಿನವರು ಬಾಯಿ ತೆರೆಯೋ ಅಗತ್ಯವೂ ಇಲ್ಲ.

ಕಡಲತಡಿ

ಅಂದರೆ ಸುಮ್ಮನೆ ಕೂತವರು ಗೆಲ್ಲುವುದು. ನಾನು ಮೊದಲೇ ಹೇಳಿದ್ದಲ್ವಾ?

ಕೋಷ್ಟಕಪ್ರಿಯೆ

ಸುಮ್ಮನೆ ಕೂರೋಕೆ ಎಂಟು ಜನರಲ್ಲಿ ಒಬ್ಬರಿಗೂ ಆಗಲ್ಲ ಅಣ್ಣ, ನೀವೇ ಆ ಕುರ್ಚಿಯಲ್ಲಿ ಕೂತು ನೋಡಿ.